ಪ್ರಯೋಗಶಾಲೆಯಿಂದ ಅಡುಗೆಮನೆಗೆ

ಒಂದು ಕಿಲೋಗ್ರಾಂ ಒಣಸೌದೆ ಉರಿದಾಗ ಸುಮಾರು 16,000 ಕಿಲೋಜೂಲ್ ಶಾಖ ಹೊರಬೀಳುತ್ತದೆ. ಐದು ಲೀಟರು ನೀರನ್ನು 25 ಡಿಗ್ರಿ ಸೆಲ್ಸಿಯಸ್‌ನಿಂದ ಕುದಿಯುವ ಮಟ್ಟಕ್ಕೆ ಏರಿಸಲು ಬೇಕಾದುದು ಸುಮಾರು 1,600 ಕಿಲೋಜೂಲ್ ಮಾತ್ರ. ಆದರೂ ಹಳೆಯ ಮಾದರಿಯ ಒಲೆಯಲ್ಲಿ ಇಷ್ಟು ಕೆಲಸಕ್ಕೆ ಇಡೀ ಕಿಲೋಗ್ರಾಂ ಸೌದೆ ಬೂದಿಯಾಗುವುದುಂಟು. ಉಳಿದ ಒಂಬತ್ತು ಪಾಲು ಶಾಖವು ಎಲ್ಲಿ ಹೋಯಿತು?

ಈ ಪ್ರಶ್ನೆಯನ್ನು ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ನಿಂತು ಕೇಳಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವರು ಅಧ್ಯಾಪಕರು. ವಿದ್ಯುದ್ರಸಾಯನ ವಿಜ್ಞಾನಿಯಾಗಿದ್ದ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಅಲ್ಲಿ ‘ಅಸ್ತ್ರ’ ಎಂಬ ಕೂಟವು ರೂಪುಗೊಂಡಿತು. ಗ್ರಾಮಗಳಿಗೆ ವಿಜ್ಞಾನ ತಂತ್ರಜ್ಞಾನಗಳ ಅನ್ವಯ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದಾದ ಹೆಸರು ಅದು. ಬೇರೆ ಬೇರೆ ವಿಭಾಗಗಳವರು ತಮ್ಮ ಪಾಠ, ಸಂಶೋಧನೆಗಳ ಜೊತೆಗೆ ಸ್ವಇಚ್ಛೆಯಿಂದ ಈ ಕೆಲಸವನ್ನೂ ಹೊತ್ತುಕೊಂಡರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಒಂದು ವಿಸ್ತರಣಾ ಕೇಂದ್ರವೂ ಆಯಿತು.

ಮೊದಲು ನಡೆದುದು ಲೆಕ್ಕ ಹಾಕುವ ಕೆಲಸ. ಉಂಗ್ರದ ಸುತ್ತಿನ ಹಳ್ಳಿಗಳಲ್ಲಿ ಯಾವ ಮನೆಯಲ್ಲಿ ಯಾವ ಇಂಧನ ಎಷ್ಟು ಖರ್ಚಾಗುತ್ತದೆ ಎಂಬುದನ್ನು ಅಳೆದು ಬರೆದುಕೊಂಡರು. 1977ರಲ್ಲಿ ಪುರ ಎಂಬ ಹಳ್ಳಿಯಲ್ಲಿ 56 ಮನೆಗಳು, 357 ಜನ. ಊರಿನ ಒಟ್ಟು ಶಕ್ತಿಯ ಬಳಕೆಯಲ್ಲಿ ಸೌದೆಯ ಪಾಲು ನೂರಕ್ಕೆ 89, ವಿದ್ಯುತ್ತಿನದು ಒಂದರಷ್ಟು! ಸೌದೆ ಆಯ್ದು ತರಲು ಪ್ರತಿಯೊಂದು ಕುಟುಂಬವೂ ದಿನಕ್ಕೆ ಸರಾಸರಿ 2.6 ಗಂಟೆಗಳನ್ನು ಕಳೆಯುತ್ತಿತ್ತು, 4.8 ಕಿಲೋಮೀಟರು ನಡೆಯುತ್ತಿತ್ತು. ವಾಚಕರು ಈ 2.6 ಗಂಟೆಗಳನ್ನು ನೆನಪಿನಲ್ಲಿಡಬೇಕು. ಮುಂದೆ ಅದರ ಬೆಲೆಯ ಮಾತು ಬರುತ್ತದೆ.

ಇನ್ನು ಒಲೆಯ ವಿಷಯ. ತೆರೆದ ಒಲೆಯಲ್ಲಿ ಬೇಕಾದುದಕ್ಕಿಂತ ಬಹಳ ಹೆಚ್ಚು ಗಾಳಿ ನುಗ್ಗುತ್ತದೆ. ಆ ಗಾಳಿಯೂ ಬಿಸಿಯಾಗಿ, ಪಾತ್ರೆಗೆ ಸೇರಬೇಕಾದ ಶಾಖವನ್ನು ಹೊತ್ತು ಹೊರಟುಹೋಗುತ್ತದೆ. ಎಸ್. ಎಸ್. ಲೋಕ್ರಾಸ್, ಕೆ. ಎಸ್. ಜಗದೀಶ್ ಮೊದಲಾದವರು 1980ರ ದಶಕದ ಆರಂಭದಲ್ಲಿ ರೂಪಿಸಿದ ‘ಅಸ್ತ್ರ ಒಲೆ’ಯಲ್ಲಿ ಉರಿಯು ಮುಚ್ಚಿದ ಗೂಡಿನೊಳಗೆ, ಜಾಲರಿಯ ಮೇಲೆ. ಬಿಸಿ ಅನಿಲವು ಒಂದರ ಹಿಂದೊಂದಾಗಿ ಮೂರು ಪಾತ್ರೆಗಳ ತಳವನ್ನು ಸವರಿ, ತನ್ನ ಶಾಖವನ್ನು ಬಹುಮಟ್ಟಿಗೆ ಒಪ್ಪಿಸಿದ ಮೇಲೆಯೇ ಹೊಗೆಕೊಳವೆಯನ್ನು ಸೇರುತ್ತದೆ. ಕೊಳವೆಯೊಳಗಿನ ಬಿಸಿ ಅನಿಲ ಹಗುರವಾದುದರಿಂದ ಮೇಲೇರುತ್ತದೆ. ಆ ಸೆಳೆತವೇ ಜಾಲರಿಯ ಕೆಳಗಿನಿಂದ ಹೊಸ ಗಾಳಿಯನ್ನು ತರುತ್ತದೆ. ಪ್ರಯೋಗಶಾಲೆಯ ಪರೀಕ್ಷೆಯಲ್ಲಿ ಇದರ ದಕ್ಷತೆ ನೂರಕ್ಕೆ ನಲವತ್ತನ್ನು ದಾಟಿತು. ಅಡುಗೆಮನೆಯೊಳಗೆ ಹೊಗೆಯಿಲ್ಲ ಎಂಬುದು ಗೃಹಿಣಿಯರಿಗೆ ಬಹುಶಃ ಅದಕ್ಕಿಂತಲೂ ದೊಡ್ಡ ಲಾಭ.

ಆದರೆ ಒಲೆಯು ಪೆಟ್ಟಿಗೆಯಲ್ಲಿ ತುಂಬಿ ಮಾರುವ ವಸ್ತುವಲ್ಲ. ಪ್ರತಿ ಮನೆಯಲ್ಲಿಯೂ ಅದನ್ನು ಹೊಸದಾಗಿ ಕಟ್ಟಬೇಕು. ಗಾರೆಯವನು ದಾರಿಯನ್ನು ಎರಡು ಬೆರಳು ಅಗಲ ಮಾಡಿದರೆ ಸೆಳೆತದ ಲೆಕ್ಕವೆಲ್ಲ ತಪ್ಪುತ್ತದೆ. ಮುದ್ದೆಗೆ ಹಿಟ್ಟನ್ನು ಕೋಲಿನಿಂದ ಬಲವಾಗಿ ತೊಳಸುವಾಗ ಪಾತ್ರೆ ಅಲುಗಬಾರದು. ತೆಂಗಿನ ಸೀಮೆಯಲ್ಲಿ ಮಟ್ಟೆ, ಕರಟಗಳೂ ಒಲೆಯ ಬಾಯಿಗೆ ಹೋಗಬೇಕು. ಇವೆಲ್ಲವನ್ನೂ ನೋಡಿಕೊಳ್ಳುವವರು ಯಾರು? 1975ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಒಲೆ ಕಟ್ಟುವವರಿಗೆ ತರಬೇತಿ ಕೊಟ್ಟು ಈ ಒಲೆಯನ್ನು ರಾಜ್ಯದಲ್ಲಿ ಹಬ್ಬಿಸಿತು. ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮದ ಸಹಾಯಧನವು 2002ರಲ್ಲಿ ನಿಂತಿತು.

ಪುರದಲ್ಲಿ ಇನ್ನೊಂದು ಪಾಠವೂ ಕಾದಿತ್ತು. ಅಡುಗೆಗೆಂದು ಅಲ್ಲಿ ಸಮುದಾಯದ ಗೋಬರ್ ಅನಿಲ ಸ್ಥಾವರವನ್ನು ಕಟ್ಟಿದರು. ಸಗಣಿ ಸಾಲಲಿಲ್ಲ, ಅನಿಲವೂ ಸಾಲಲಿಲ್ಲ. ಊರವರನ್ನು ವಿಚಾರಿಸಿದಾಗ ಅವರು ಬೇಡಿದುದು ಕುಡಿಯುವ ನೀರು! 1987ರಿಂದ ಅದೇ ಅನಿಲದಿಂದ ಡೀಸೆಲ್ ಎಂಜಿನನ್ನು ನಡೆಸಿ ನೀರನ್ನೆತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ಕಿಲೋಗ್ರಾಮಿಗೆ ಎರಡು ಪೈಸೆ ಸಲ್ಲುತ್ತಿತ್ತು. ಬಗ್ಗಡವು ಗೊಬ್ಬರವಾಗಿ ಅವರ ಹೊಲಕ್ಕೆ ಮರಳುತ್ತಿತ್ತು. ಸ್ಥಾವರವು ಅನೇಕ ವರ್ಷ ನಡೆದು ಮುಂದೆ ನಿಂತುಹೋಯಿತು.

ಒಳ್ಳೆಯ ಒಲೆಯನ್ನು ಪೇಟೆ ತಾನಾಗಿಯೇ ಏಕೆ ಎತ್ತಿಕೊಳ್ಳಲಿಲ್ಲ? ನಮ್ಮ ಅಭಿಪ್ರಾಯದಲ್ಲಿ ಉತ್ತರವು ಆ 2.6 ಗಂಟೆಗಳಲ್ಲಿದೆ. ಆಯ್ದು ತಂದ ಸೌದೆಗೆ ಕಾಸು ಕೊಡಬೇಕಾಗಿಲ್ಲ. ಹೆಂಗಸರ, ಮಕ್ಕಳ ದುಡಿಮೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದುದರಿಂದ ಉಳಿದ ಸೌದೆಯೂ ರೂಪಾಯಿಯಾಗಿ ಕಾಣುವುದಿಲ್ಲ. ಸೌದೆಯನ್ನು ಕೊಂಡು ಉರಿಸುವವನ ಸ್ಥಿತಿಯೇ ಬೇರೆ. 1993ರಲ್ಲಿ ಬೆಂಗಳೂರಿನಲ್ಲಿ ಸ್ವಾತಿ ಭೋಗಲೆಯವರು ಮತ್ತು ಸಂಗಡಿಗರು ಸ್ಥಾಪಿಸಿದ ‘ಟೈಡ್’ ಸಂಸ್ಥೆಯು ಸಣ್ಣ ಉದ್ದಿಮೆಗಳಿಗೆ ದಕ್ಷ ಒಲೆಗಳನ್ನು ಒದಗಿಸತೊಡಗಿತು. ಅಂಥ ಉದ್ದಿಮೆದಾರನು ತಾನು ಕೊಟ್ಟ ಹಣ ಎಷ್ಟು ದಿನಗಳಲ್ಲಿ ಹಿಂದಿರುಗುವುದೆಂದು ಬೆರಳೆಣಿಸಿ ಹೇಳಬಲ್ಲ. 2008ರಲ್ಲಿ ಈ ಸಂಸ್ಥೆಗೆ ಬ್ರಿಟನ್ನಿನ ಆಶ್‌ಡೆನ್ ಪ್ರಶಸ್ತಿ ಬಂದಿತು.

ತುಮಕೂರಿನ ವಿದ್ಯಾರ್ಥಿಗಳಿಗೆ ಈ ವಿಷಯದಲ್ಲಿ ಕೈಹಾಕಲು ತಕ್ಕಡಿ, ಉಷ್ಣಮಾಪಕ, ಗಡಿಯಾರ ಇದ್ದರೆ ಸಾಕು. ಗುಬ್ಬಿಯ ತೋಟದ ಮನೆಯೊಂದರಲ್ಲಿ ಅಡಕೆ ಬೇಯಿಸುವ ದಿನ ಹಂಡೆಯ ನೀರನ್ನೂ ಉರಿಸಿದ ಸೌದೆಯನ್ನೂ ತೂಗಿ, ಮೇಲಿನ ಲೆಕ್ಕವನ್ನೇ ಮಾಡಿನೋಡಬಹುದು. ಆ ಸೌದೆಯನ್ನು ಕೊಂಡದ್ದೋ, ತೋಟದಲ್ಲಿ ಆಯ್ದದ್ದೋ ಎಂಬುದನ್ನೂ ಮರೆಯದೆ ಕೇಳಿ ಬರೆದುಕೊಳ್ಳಿರಿ.