ಸಾಕವ್ವನಿಂದ ಪುಟ್ಟಕ್ಕನವರೆಗೆ

ಸಂಜೆ ಕುಕ್ಕರ್ ಮೂರು ಸಲ ಕೂಗಿ ಸುಮ್ಮನಾಗುವಷ್ಟರಲ್ಲಿ ಒಗ್ಗರಣೆ ಮುಗಿಸಿ, ಕೈ ಒರೆಸಿಕೊಳ್ಳುತ್ತಾ ಟೀವಿ ಮುಂದೆ ಬಂದು ಕೂತವರಲ್ಲಿ ನೀವೂ ಒಬ್ಬರಿರಬಹುದು. 2021ರ ಡಿಸೆಂಬರ್‌ನಲ್ಲಿ 'ಪುಟ್ಟಕ್ಕನ ಮಕ್ಕಳು' ಶುರುವಾದಾಗ ಎಷ್ಟೋ ಮನೆಗಳಲ್ಲಿ ನಡೆದದ್ದು ಇದೇ. ಗಂಡ ಬಿಟ್ಟುಹೋದ ಹೆಂಗಸು, ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವ ತಾಯಿ. ಆಕೆ ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಂಡರೆ ನಮ್ಮತ್ತೆಯೂ ಕಣ್ಣೊರೆಸಿಕೊಳ್ಳುತ್ತಿದ್ದರು. 'ಎಷ್ಟು ಚೆನ್ನಾಗಿ ಮಾಡ್ತಾಳಲ್ಲೇ, ನಮ್ಮನೆಯವಳೇ ಅನ್ನಿಸುತ್ತೆ' ಅನ್ನೋದು ಅವರ ನಿತ್ಯದ ಮಾತು.

ನಮ್ಮನೆಯವಳು! ಈ ಮಾತು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ನಗು ಬರುತ್ತಿತ್ತು. ಯಾಕೆ ಗೊತ್ತಾ? ನಾನು ಹೈಸ್ಕೂಲಿನಲ್ಲಿದ್ದಾಗ ಇದೇ ಉಮಾಶ್ರೀ ತೆರೆ ಮೇಲೆ ಬಂದರೆ ಸಾಕು, ಅಮ್ಮ 'ಹೋಗು, ಒಂದು ಲೋಟ ನೀರು ತಗೊಂಡು ಬಾ' ಅಂತ ನನ್ನನ್ನು ಒಳಗೆ ಅಟ್ಟುತ್ತಿದ್ದರು. ಪಕ್ಕದ ಮನೆಯ ಆಂಟಿಯಂತೂ 'ಥೂ, ಇವಳು ಬಂದ್ಲಾ' ಅಂತ ಮುಖ ತಿರುಗಿಸುತ್ತಿದ್ದರು. ಎನ್.ಎಸ್. ರಾವ್ ಜೊತೆ ಅವರು ಮಾಡುತ್ತಿದ್ದ ಹಾಸ್ಯ ನಿಮಗೂ ನೆನಪಿರಬಹುದು. ಮಾತಿಗೊಂದು ಮೇಲಿನ ಅರ್ಥ, ಒಂದು ಒಳಗಿನ ಅರ್ಥ. ಗಂಡಸರು ಜೋರಾಗಿ ನಗೋರು. ಹೆಂಗಸರೂ ನಗೋರು, ಆದರೆ ಸೆರಗು ಬಾಯಿಗೆ ಅಡ್ಡ ಹಿಡಿದು. ಆಮೇಲೆ ಮನೆಗೆ ಬಂದು ಆಕೆಯನ್ನೇ ಬೈಯೋರು.

ಆ ಮಾತುಗಳನ್ನು ಬರೆದವರು ಯಾರು? ಬರೆಸಿದವರು ಯಾರು? ಟಿಕೆಟ್ ತಗೊಂಡು ನೋಡಿದವರು ಯಾರು? ಅದನ್ನು ನಾವ್ಯಾರೂ ಕೇಳಲಿಲ್ಲ. ಕೆಟ್ಟ ಹೆಸರು ಮಾತ್ರ ಹೇಳಿದ ಬಾಯಿಗೇ ಬಂತು.

ಮೊದಲು ರಂಗ, ಆಮೇಲೆ ತೆರೆ

ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ 1957ರಲ್ಲಿ ಹುಟ್ಟಿದವರು ಉಮಾಶ್ರೀ. ಇಬ್ಬರು ಮಕ್ಕಳನ್ನು ಒಬ್ಬರೇ ಸಾಕಿದ ತಾಯಿ. ಪುಟ್ಟಕ್ಕನ ಪಾತ್ರ ಅವರಿಗೆ ಅಷ್ಟು ಹೊಂದಿಕೊಂಡಿದ್ದರಲ್ಲಿ ಆಶ್ಚರ್ಯ ಏನಿದೆ ಹೇಳಿ? ಬದುಕಿಗಾಗಿ ಅವರು ಹಿಡಿದದ್ದು ನಾಟಕದ ದಾರಿ. ಸಿನಿಮಾ ಮಂದಿಗೆ ಅವರ ಮುಖ ಗೊತ್ತಾಗಿದ್ದು ಕಾಶೀನಾಥ್ ನಿರ್ದೇಶಿಸಿದ 'ಅನುಭವ'ದಿಂದ, 1984ರಲ್ಲಿ. ಆ ಚಿತ್ರ ಓಡಿತು, ಹೆಸರೂ ಬಂತು, ಅದರ ಜೊತೆಗೇ ಒಂದು ಮುದ್ರೆಯೂ ಬಿತ್ತು. ಅಲ್ಲಿಂದ ಮುಂದೆ ಬಂದದ್ದೆಲ್ಲ ಅದೇ ಬಗೆಯ ಪಾತ್ರಗಳು.

ಆದರೆ ರಂಗಭೂಮಿಯವರಿಗೆ ಗೊತ್ತಿದ್ದ ಉಮಾಶ್ರೀಯೇ ಬೇರೆ. ದೇವನೂರ ಮಹಾದೇವ ಅವರ 'ಒಡಲಾಳ'ವನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ ಅದರಲ್ಲಿ ಸಾಕವ್ವ ಆದವರು ಇವರು. ಕಳೆದುಹೋದ ತನ್ನ ಹುಂಜವನ್ನು ಹುಡುಕುತ್ತಾ ಊರೆಲ್ಲ ಅಲೆಯುವ ದಲಿತ ಅಜ್ಜಿ ಸಾಕವ್ವ. ಮನೆ ತುಂಬ ಹಸಿವು. ಒಂದು ರಾತ್ರಿ ಮನೆಗೆ ಕದ್ದ ಕಡಲೆಕಾಯಿ ಬರುತ್ತೆ, ಒಲೆ ಸುತ್ತ ಕೂತು ಮನೆಮಂದಿಯೆಲ್ಲ ತಿಂತಾರೆ. ಬೈಗುಳ, ಮುದ್ದು, ಜಗಳ ಎಲ್ಲ ಒಟ್ಟೊಟ್ಟಿಗೆ. ಅಷ್ಟು ಚಿಕ್ಕ ವಯಸ್ಸಿನ ನಟಿ ಬೆನ್ನು ಬಾಗಿಸಿ, ದನಿ ಒಡೆದುಕೊಂಡು ಮುದುಕಿಯಾಗಿ ನಿಂತರೆ ಜನ ಆಕೆಯ ನಿಜವಾದ ವಯಸ್ಸನ್ನೇ ಮರೆತುಬಿಡುತ್ತಿದ್ದರು.

ಅಂದರೆ ಪುಟ್ಟಕ್ಕನನ್ನು ನೋಡಿ ನಾವು ಇವತ್ತು 'ಅಬ್ಬಾ' ಅಂತೀವಲ್ಲ, ಆ ಕಲೆ ಆಗಲೂ ಇತ್ತು. ಒಂದೇ ಕಾಲದಲ್ಲಿ ಅತ್ತ ರಂಗದ ಮೇಲೆ ಸಾಕವ್ವ, ಇತ್ತ ತೆರೆಯ ಮೇಲೆ ಎರಡರ್ಥದ ಮಾತು. ಮಕ್ಕಳ ಫೀಸು ಕಟ್ಟಬೇಕಾದ ಹೆಂಗಸು ಸಿಕ್ಕ ಪಾತ್ರ ಬಿಡೋಕೆ ಆಗುತ್ತಾ? ತಿಂಗಳ ಕೊನೆಯಲ್ಲಿ ಡಬ್ಬಿಯ ತಳ ಕೆರೆದು ನೋಡಿದವರಿಗೆ ಇದು ಅರ್ಥವಾಗುತ್ತೆ.

ಮೂವತ್ತೆಂಟಕ್ಕೇ ಅಜ್ಜಿ!

1995ರ 'ಪುಟ್ನಂಜ' ನೆನಪು ಮಾಡಿಕೊಳ್ಳಿ. ರವಿಚಂದ್ರನ್, ಮೀನಾ ಜೋಡಿಯ ಚಿತ್ರ. ಹಾಡು, ಬಣ್ಣ ಎಲ್ಲ ಇತ್ತು. ಆದರೆ ಥಿಯೇಟರಿನಿಂದ ಹೊರಗೆ ಬಂದವರ ಬಾಯಲ್ಲಿ ಇದ್ದದ್ದು ಪುಟ್ಮಲ್ಲಿಯ ಹೆಸರು! ಮೊಮ್ಮಗನ ಮೇಲೆ ಪ್ರಾಣ ಇಟ್ಟ ಆ ಹಳ್ಳಿ ಅಜ್ಜಿಯ ಪಾತ್ರ ಮಾಡುವಾಗ ಉಮಾಶ್ರೀಗೆ ಇನ್ನೂ ಮೂವತ್ತೆಂಟು. ನಮ್ಮಲ್ಲಿ ಮೂವತ್ತೆಂಟು ದಾಟಿದ ಕೂಡಲೇ ಕನ್ನಡಿ ಮುಂದೆ ಬಿಳಿ ಕೂದಲು ಎಣಿಸೋರು ಎಷ್ಟು ಜನ! (ನಾನೂ ಆ ಪೈಕಿಯೇ, ಸುಳ್ಳು ಯಾಕೆ ಹೇಳಲಿ.) ಈ ನಟಿ ನೋಡಿ, ಬಿಳಿ ಕೂದಲನ್ನೇ ತಲೆ ಮೇಲೆ ಹೊತ್ತು ನಾಯಕಿಯಷ್ಟೇ ದೊಡ್ಡದಾಗಿ ನಿಂತರು. ನನಗೆ ಕೇಳಿದರೆ ಚಿತ್ರದ ಅರ್ಧ ಉಸಿರು ಆ ಅಜ್ಜಿಯದೇ. ಮೊದಲು ಮುಖ ತಿರುಗಿಸುತ್ತಿದ್ದ ಪಕ್ಕದ ಮನೆ ಆಂಟಿ ಅದನ್ನು ಎರಡು ಸಲ ನೋಡಿ ಬಂದರು. 'ಅವಳೇ ಇವಳಾ?' ಅಂತ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

ಅಷ್ಟು ಹೊತ್ತಿಗೆ 'ಸಂಗ್ಯಾ ಬಾಳ್ಯಾ', ನಾಗತಿಹಳ್ಳಿ ಚಂದ್ರಶೇಖರ್ ಅವರ 'ಕೊಟ್ರೇಶಿ ಕನಸು' ಚಿತ್ರಗಳಲ್ಲೂ ಅವರು ಕಾಣಿಸಿಕೊಂಡಿದ್ದರು. ಆದರೂ ಇಡೀ ಚಿತ್ರ ಹೆಗಲ ಮೇಲೆ ಹೊರುವಂಥ ಪಾತ್ರ ಸಿಗೋಕೆ ಐವತ್ತು ವರ್ಷ ಆಗಬೇಕಾಯಿತು.

ಟೀವಿ ನೋಡುವ ನಮ್ಮದೇ ಕಥೆ

ಅದೇ ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್', 2008ರ ಚಿತ್ರ. ವೈದೇಹಿಯವರ ಕಥೆ ಅದಕ್ಕೆ ಆಧಾರ. ಕಥೆಯಲ್ಲಿ ಊರಿಗೆ ಟಾಕೀಸು ಬರುತ್ತೆ, ಚಿತ್ರದಲ್ಲಿ ಡಿಶ್ ಆಂಟೆನಾದ ಟೀವಿ ಬರುತ್ತೆ. 'ಅಯ್ಯೋ, ಅವಾರ್ಡ್ ಸಿನಿಮಾ, ನಮಗೆಲ್ಲಿ ಅರ್ಥ ಆಗುತ್ತೆ' ಅಂತ ಪುಟ ತಿರುಗಿಸಬೇಡಿ. ಇದು ನಿಮ್ಮದೇ ಕಥೆ.

ಕುಂದಾಪುರದ ಕಡೆಯ ಮೀನುಗಾರರ ಊರು. ಗುಲಾಬಿ ಅಲ್ಲಿನ ಸೂಲಗಿತ್ತಿ, ಮುಸ್ಲಿಂ ಹೆಂಗಸು. ಗಂಡ ಇನ್ನೊಂದು ಮದುವೆ ಮಾಡಿಕೊಂಡು ಇವಳನ್ನು ಬಿಟ್ಟಿದ್ದಾನೆ, ಮಕ್ಕಳಿಲ್ಲ. ಇರೋದು ಒಂದೇ ಸುಖ, ಸಿನಿಮಾ. ಹೊತ್ತಾದರೆ ಸಾಕು, ಯಾರು ಕರೆದರೂ ನಿಲ್ಲದೆ ಟಾಕೀಸಿಗೆ ಓಡ್ತಾಳೆ. ಒಂದು ದಿನ ಕಷ್ಟದ ಹೆರಿಗೆಯೊಂದಕ್ಕೆ ಅವಳನ್ನು ಟಾಕೀಸಿನಿಂದಲೇ ಎಬ್ಬಿಸಿಕೊಂಡು ಹೋಗ್ತಾರೆ. ಅದರ ಋಣಕ್ಕೆ ಬಣ್ಣದ ಟೀವಿ, ಡಿಶ್ ಆಂಟೆನಾ ಅವಳ ಗುಡಿಸಲಿಗೆ ಬರುತ್ತೆ.

ಆಮೇಲೆ ನೋಡಿ! ಗಂಡಸರು ಮೀನಿಗೆ ಹೋದ ಕೂಡಲೇ ಹೆಂಗಸರು ಒಬ್ಬೊಬ್ಬರೇ ಅವಳ ಮನೆಗೆ ಬರತೊಡಗುತ್ತಾರೆ. ಮುಸ್ಲಿಮರ ಮನೆ ಅಂತ ಕೆಲವರು ದೂರ ಉಳೀತಾರೆ, ಉಳಿದವರು ಕದ್ದಾದರೂ ಬಂದು ಕೂತ್ಕೋತಾರೆ. ಅತ್ತೆಯ ಕಾಟದಲ್ಲಿ ಬೇಯುವ, ಗಂಡ ದೂರದೇಶದಲ್ಲಿರುವ ಸೊಸೆ ನೇತ್ರು ಅಲ್ಲಿ ಬಂದು ಉಸಿರು ಬಿಡ್ತಾಳೆ. (ಆ ಪಾತ್ರ ಮಾಡಿದವರು ಗಾಯಕಿ ಎಂ.ಡಿ. ಪಲ್ಲವಿ.) ಒಂದು ಟೀವಿ, ನಾಲ್ಕು ಮಾತು, ಸ್ವಲ್ಪ ನಗು. ಇಷ್ಟಕ್ಕೇ ಅಷ್ಟು ಕದ್ದುಮುಚ್ಚಿ ಬರಬೇಕು. 'ದಿನಾ ಅದೇನು ಸೀರಿಯಲ್ಲು ನೋಡ್ತೀಯೋ' ಅಂತ ನಿಮಗೆ ಯಾರಾದರೂ ಹೇಳಿದ್ದರೆ, ಆ ಗುಡಿಸಲಿನೊಳಗೆ ನಿಮಗೂ ಒಂದು ಜಾಗ ಇದೆ ಅಂದುಕೊಳ್ಳಿ.

ಹೊರಗೆ ಕಾಲ ಕೆಡ್ತಾ ಇರುತ್ತೆ. ಕಾರ್ಗಿಲ್ ಯುದ್ಧದ ಸಮಯ. ಸಮುದ್ರದಲ್ಲಿ ದೊಡ್ಡ ಟ್ರಾಲರುಗಳಿಗೂ ಸಣ್ಣ ದೋಣಿಯವರಿಗೂ ಜಗಳ, ಅದು ನಿಧಾನವಾಗಿ ಜಾತಿ-ಮತದ ಬಣ್ಣ ಪಡೆಯುತ್ತೆ. ನಿನ್ನೆವರೆಗೆ ಊರ ಮಕ್ಕಳನ್ನೆಲ್ಲ ಕೈಯಲ್ಲಿ ಎತ್ತಿಕೊಂಡ ಗುಲಾಬಿ ಇದ್ದಕ್ಕಿದ್ದಂತೆ 'ಅವರ ಪೈಕಿ' ಆಗಿಬಿಡ್ತಾಳೆ. ನೇತ್ರು ಕಾಣೆಯಾದಾಗ ಬೆರಳೆಲ್ಲ ಗುಲಾಬಿ ಕಡೆಗೇ. ಕೊನೆ ಏನಾಗುತ್ತೆ ಅಂತ ಹೇಳೋದಿಲ್ಲ, ನೀವೇ ನೋಡಿ.

ಇಲ್ಲಿ ಉಮಾಶ್ರೀ ಎಷ್ಟು ಕಡಿಮೆ ಮಾಡ್ತಾರೆ ಅಂದರೆ, ಪುಟ್ಮಲ್ಲಿಯನ್ನು ನೋಡಿದವರಿಗೆ ನಂಬೋಕೇ ಆಗಲ್ಲ. ಅಳು ಇಲ್ಲ, ಕೂಗಾಟ ಇಲ್ಲ. ಸಿನಿಮಾ ನೋಡುವಾಗ ಆ ಮುಖದಲ್ಲಿ ಬರುವ ಬೆಳಕನ್ನು ಗಮನಿಸಿ, ಜಾತ್ರೆಯಲ್ಲಿ ಬಲೂನು ಕಂಡ ಮಗುವಿನ ಮುಖದ ಹಾಗಿರುತ್ತೆ. ಅದೇ ಮುಖ ಬೈಗುಳ ಕೇಳುವಾಗ ಕಲ್ಲಾಗುತ್ತೆ. ಈ ಪಾತ್ರಕ್ಕೆ 55ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅವರು ಅತ್ಯುತ್ತಮ ನಟಿಯಾದರು. ಕನ್ನಡ ಚಿತ್ರಕ್ಕಾಗಿ ಅದಕ್ಕೂ ಮೊದಲು ಈ ಪ್ರಶಸ್ತಿ ಪಡೆದವರು ಇಬ್ಬರೇ, 'ಕಾಡು' ಚಿತ್ರಕ್ಕೆ ನಂದಿನಿ ಭಕ್ತವತ್ಸಲ, 'ಹಸೀನಾ'ಗೆ ತಾರಾ. 'ಥೂ, ಇವಳು ಬಂದ್ಲಾ' ಅನ್ನಿಸಿಕೊಂಡಿದ್ದ ನಟಿ ಮೂರನೆಯವರು.

ಕಿವಿಗೊಟ್ಟು ಕೇಳಿ

ಇನ್ನೊಂದು ವಿಷಯ ಹೇಳಲೇಬೇಕು. ಮುಂದಿನ ಸಲ ಇವರ ಚಿತ್ರ ನೋಡುವಾಗ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಬರೀ ಮಾತು ಕೇಳಿ. ಸಾಕವ್ವ ಆಡೋದು ಮೈಸೂರು ಕಡೆಯ ಹಳ್ಳಿ ಮಾತು, ಗುಲಾಬಿಯ ಸುತ್ತ ಇರೋದು ಕುಂದಾಪುರದ ಕನ್ನಡ, 2010ರ 'ಕನಸೆಂಬ ಕುದುರೆಯನೇರಿ'ಯಲ್ಲಿ ರುದ್ರಿ ಉತ್ತರ ಕರ್ನಾಟಕದವಳು. ನೆರೆಜಿಲ್ಲೆಯ ಸೊಸೆ ಬಂದು ಒಂದು ಪದ ಬೇರೆ ಥರ ಹೇಳಿದರೇ ನಮ್ಮ ಮನೆಗಳಲ್ಲಿ ವರ್ಷಗಟ್ಟಲೆ ಆಡಿಕೊಳ್ತೀವಿ. ತುಮಕೂರು ಸೀಮೆಯ ಈ ಹೆಣ್ಣುಮಗಳ ನಾಲಿಗೆ ಅಷ್ಟೂ ಕಡೆ ಓಡಾಡಿ ಬಂದಿದೆ.

'ಕನಸೆಂಬ ಕುದುರೆಯನೇರಿ'ಯೂ ಕಾಸರವಳ್ಳಿಯವರದೇ, ಅಮರೇಶ ನುಗಡೋಣಿಯವರ ಕಥೆ. ಗುಣಿ ತೋಡುವ ಈರ್ಯಾನಿಗೆ ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲಿ ಸಾವು ಖಚಿತ. ಸಾವಾದರೆ ಇವರ ಮನೆಯಲ್ಲಿ ಒಲೆ ಉರಿಯುತ್ತೆ. ಒಂದು ದಿನ ಸಿದ್ಧ ಬಂದಿದ್ದಾನೆ, ಆದರೆ ಊರಲ್ಲಿ ಯಾರೂ ಸತ್ತಿಲ್ಲ ಅಂತಾರೆ. ನಿಜದಲ್ಲಿ ದೊಡ್ಡಮನೆಯವರು ಲಾಭಕ್ಕಾಗಿ ಸಾವನ್ನೇ ಮುಚ್ಚಿಟ್ಟಿದ್ದಾರೆ. ಕನಸು ಸುಳ್ಳಾಯ್ತಲ್ಲ ಅಂತ ಕಂಗಾಲಾಗುವ ಗಂಡನಾಗಿ ವೈಜನಾಥ ಬಿರಾದಾರ್, ಅವನ ಹೆಂಡತಿ ರುದ್ರಿಯಾಗಿ ಉಮಾಶ್ರೀ. ತಮಾಷೆ ನೋಡಿ, ಬಿರಾದಾರರನ್ನೂ ಸಿನಿಮಾ ಬಹಳ ಕಾಲ ನಗಿಸೋಕೆ ಮಾತ್ರ ಇಟ್ಟುಕೊಂಡಿತ್ತು. ನಗಿಸುತ್ತಿದ್ದ ಇಬ್ಬರೂ ಇಲ್ಲಿ ಒಂದೇ ಗುಡಿಸಲಿನಲ್ಲಿ ಹಸಿವು ಹಂಚಿಕೊಂಡು ಕೂರ್ತಾರೆ.

ಈ ಭಾನುವಾರ ಹೀಗೆ ಮಾಡಿ

ಮನೆಮಂದಿಯ ಜೊತೆಗಾದರೆ ಮೊದಲು 'ಪುಟ್ನಂಜ' ಹಾಕಿ. ಅತ್ತೆ, ಮಕ್ಕಳು ಎಲ್ಲರೂ ಕೂತು ನೋಡಬಹುದು, ನಡುವೆ ಎದ್ದು ಹೋಗಿ ಪಲ್ಯ ಕೈಯಾಡಿಸಿ ಬಂದರೂ ಕಥೆ ತಪ್ಪೋದಿಲ್ಲ. 'ಗುಲಾಬಿ ಟಾಕೀಸ್' ಮಾತ್ರ ಹಾಗಲ್ಲ. ಮಧ್ಯಾಹ್ನ ಎಲ್ಲರೂ ಹೊರಗೆ ಹೋದ ಮೇಲೆ, ಸುಮಾರು ಎರಡು ಗಂಟೆ ನಿಮಗಾಗಿ ಎತ್ತಿಟ್ಟುಕೊಂಡು ನೋಡಿ. ಹುರುಳಿಕಾಯಿ ನಾರು ತೆಗೀತಾ ನೋಡಿದರೆ ಪ್ರಯೋಜನ ಇಲ್ಲ, ಅರ್ಧ ಕಥೆ ಮಾತಿಲ್ಲದ ಕಡೆ ಇದೆ. ಸಾಧ್ಯವಾದರೆ ಪಕ್ಕದ ಮನೆಯವರನ್ನೂ ಕರೆಯಿರಿ. ಕಾಫಿ ಆಮೇಲೆ ಮಾಡಿ, ಮಾತಾಡೋಕೆ ಬೇಕಾದಷ್ಟು ಇರುತ್ತೆ. ಮೊದಲ ಹತ್ತು ನಿಮಿಷ ಕುಂದಾಪುರದ ಮಾತು ಕಿವಿಗೆ ಹೊಸದು ಅನ್ನಿಸಿದರೆ ಗಾಬರಿ ಬೇಡ, ತಾನಾಗೇ ಒಗ್ಗುತ್ತೆ.

ಹದಿಹರೆಯದ ಮಗಳಿದ್ದರೆ ಅವಳನ್ನೂ ಕೂರಿಸಿಕೊಳ್ಳಿ. ನೀರು ತರೋಕೆ ಒಳಗೆ ಕಳಿಸಬೇಡಿ. ಆ ಹಳೆಯ ಹಾಸ್ಯದ ತುಣುಕುಗಳೂ ಈಗ ಮೊಬೈಲಿನಲ್ಲೇ ಸಿಗುತ್ತವೆ, ಅವಳು ಹೇಗೂ ನೋಡಿರ್ತಾಳೆ. ಆ ಪಾತ್ರಗಳು ಯಾಕೆ ಹಾಗಿದ್ದವು, ಆ ನಗು ಯಾರದ್ದು ಅಂತ ಅವಳ ಹತ್ತಿರ ಮಾತಾಡೋಕೆ ಇದಕ್ಕಿಂತ ಒಳ್ಳೆಯ ನೆಪ ಸಿಗಲ್ಲ.

ರಾಜಕೀಯದ ಸುದ್ದಿ ನಿಮಗೆ ಗೊತ್ತೇ ಇದೆ, ಉದ್ದ ಮಾಡೋದಿಲ್ಲ. 2013ರಲ್ಲಿ ಬಾಗಲಕೋಟೆ ಜಿಲ್ಲೆಯ ತೇರದಾಳದಿಂದ ಗೆದ್ದು, ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ, ಕನ್ನಡ ಮತ್ತು ಸಂಸ್ಕೃತಿ ಖಾತೆಗಳ ಸಚಿವೆಯಾದರು. 2018ರಲ್ಲಿ ಸೋತರು, 2023ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ನನಗೆ ಇಷ್ಟವಾದದ್ದು ಬೇರೆ. ಸೋತ ಮೇಲೆ ಮನೆ ಸೇರಿ ಕೂರದೆ ಅವರು ಮತ್ತೆ ಬಣ್ಣ ಹಚ್ಚಿದರು. ಬೇಲೂರು ರಘುನಂದನ್ ಬರೆದ 'ಶರ್ಮಿಷ್ಠೆ'ಯನ್ನು ಒಬ್ಬರೇ ರಂಗದ ಮೇಲೆ ನಿಂತು ಆಡಿದರು.

2025ರ ಜನವರಿಯಲ್ಲಿ ಇನ್ನೂ ಒಂದು ಹೆಜ್ಜೆ. ಹೊನ್ನಾವರದಲ್ಲಿ ಪೆರ್ಡೂರು ಮೇಳದ ಯಕ್ಷಗಾನದಲ್ಲಿ ಮಂಥರೆ! ಯಕ್ಷಗಾನ ಅಂದರೆ ಚಂಡೆಯ ಪೆಟ್ಟಿಗೆ ಹೆಜ್ಜೆ, ಭಾಗವತರ ಪದಕ್ಕೆ ಕುಣಿತ, ಅದರ ಮೇಲೆ ಅರ್ಥಗಾರಿಕೆ. ಚಿಕ್ಕಂದಿನಿಂದ ಕಲಿತವರೇ ತಡವರಿಸುವ ಕಲೆ. ಅರವತ್ತೇಳರ ವಯಸ್ಸಿನಲ್ಲಿ ಆ ಮೇಳದ ಕಲಾವಿದರ ನಡುವೆ, ಗೂನು ಬೆನ್ನು ಬಾಗಿಸಿಕೊಂಡು, ಕೈಕೇಯಿಯ ಕಿವಿಯಲ್ಲಿ ಪಿಸುಗುಟ್ಟೋಕೆ ಉಮಾಶ್ರೀ ರಂಗಸ್ಥಳಕ್ಕೆ ಬಂದರು. ಈ ಸುದ್ದಿ ನಮ್ಮತ್ತೆಗೆ ಹೇಳಿದೆ. 'ಪುಟ್ಟಕ್ಕ ಅಷ್ಟು ಒಳ್ಳೆಯವಳು, ಮಂಥರೆ ಯಾಕೆ ಆದ್ಲಂತೆ?' ಅಂತ ಅವರಿಗೆ ಸಿಟ್ಟೇ ಬಂತು. ವೀಡಿಯೊ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಪೂರ್ತಿ ನೋಡಿ, ಫೋನನ್ನು ನನ್ನ ಕೈಗೆ ಕೊಡದೆ, 'ಇನ್ನೊಂದ್ಸಲ ಹಾಕು' ಅಂದರು.