ಮೈನಸ್ 263 ಡಿಗ್ರಿ ಚಳಿಯಲ್ಲೂ ನಿಲ್ಲದ ರಸಾಯನ: ನಕ್ಷತ್ರಗಳ ನಡುವಿನ ಮೋಡಗಳಲ್ಲಿ ನಡೆಯುವುದೇನು?

ಪುಣೆ: ಚಳಿ ಹೆಚ್ಚಿದಷ್ಟೂ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ. ಫ್ರಿಡ್ಜ್‌ನಲ್ಲಿಟ್ಟ ದೋಸೆ ಹಿಟ್ಟು ಬೇಗ ಹುಳಿಯಾಗದಿರುವುದು ಇದೇ ಕಾರಣಕ್ಕೆ. ಹಾಗಾದರೆ ಮೈನಸ್ 263 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಿರುವ ಬಾಹ್ಯಾಕಾಶದ ಅನಿಲ ಮೋಡಗಳಲ್ಲಿ ನೀರು, ಅಮೋನಿಯಾ, ಆಲ್ಕೋಹಾಲ್ ಹುಟ್ಟುವುದು ಹೇಗೆ?

ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಸೂರ್ಯ, ಭೂಮಿ ರೂಪುಗೊಂಡಿದ್ದೂ ಇಂಥದ್ದೇ ಮೋಡದಿಂದ. ನಾವು ಕುಡಿಯುವ ನೀರಿನ ಒಂದು ಪಾಲು ಸೂರ್ಯನಿಗಿಂತಲೂ ಹಳೆಯದಿರಬಹುದು ಎಂಬುದು ವಿಜ್ಞಾನಿಗಳ ಅಂದಾಜು.

ಶಾಖವಿಲ್ಲದೆ ಕ್ರಿಯೆ ಹೇಗೆ?

ಈ ಮೋಡಗಳಲ್ಲಿ ಹೆಚ್ಚಿರುವುದು ಹೈಡ್ರೋಜನ್. ಧೂಳಿನ ಕಣಗಳ ಮೇಲೆ ಎರಡು ಹೈಡ್ರೋಜನ್ ಪರಮಾಣುಗಳು ಸೇರಿ ಅಣುವಾಗುತ್ತವೆ. ಕಾಸ್ಮಿಕ್ ಕಿರಣ ಬಡಿದು ಎಲೆಕ್ಟ್ರಾನ್ ಕಳಚಿದರೆ ಅದೇ ಅಣು ಅಯಾನು ಆಗುತ್ತದೆ. ಅಯಾನು ಪಕ್ಕದ ಅಣುಗಳನ್ನು ತನ್ನತ್ತ ಸೆಳೆಯುವುದರಿಂದ ಇಂತಹ ಬಹಳಷ್ಟು ಕ್ರಿಯೆಗಳಿಗೆ ಶಾಖವೇ ಬೇಕಿಲ್ಲ. 1973ರಲ್ಲಿ ಎರಿಕ್ ಹರ್ಬ್ಸ್ಟ್ ಮತ್ತು ವಿಲಿಯಂ ಕ್ಲೆಂಪರರ್ ಈ ಲೆಕ್ಕಾಚಾರ ಮುಂದಿಟ್ಟರು. ಇನ್ನು ನೀರಿನ ಬಹುಪಾಲು ಧೂಳಿನ ಮೇಲೆಯೇ ಮಂಜುಗಡ್ಡೆಯಾಗಿ ಬೆಳೆಯುತ್ತದೆ.

ಮಾಡೆಲ್ ಎಂದರೇನು?

ಮೋಡವನ್ನು ಪ್ರಯೋಗಾಲಯಕ್ಕೆ ತರಲಾಗದು. ಹೀಗಾಗಿ ತಾಪಮಾನ, ಸಾಂದ್ರತೆ, ಬೆಳಕು, ಕಾಸ್ಮಿಕ್ ಕಿರಣಗಳ ಪ್ರಮಾಣವನ್ನು ಕಂಪ್ಯೂಟರ್‌ಗೆ ಕೊಟ್ಟು, ಸಾವಿರಾರು ಕ್ರಿಯೆಗಳ ವೇಗವನ್ನು ಒಟ್ಟಿಗೆ ಲೆಕ್ಕ ಹಾಕುತ್ತಾರೆ. ಲಕ್ಷಾಂತರ ವರ್ಷಗಳ ಬಳಿಕ ಯಾವ ಅಣು ಎಷ್ಟಿರಬೇಕು ಎಂಬ ಉತ್ತರ ಸಿಗುತ್ತದೆ. ಅದನ್ನು ದೂರದರ್ಶಕ ಕಂಡದ್ದರ ಜತೆ ತಾಳೆ ನೋಡುತ್ತಾರೆ.

ಪುಣೆಯ ಪಾತ್ರವೇನು?

ಪುಣೆಯ ಐಯುಕಾ ಸಂಸ್ಥೆಯ ಆರ್. ಶ್ರೀಆನಂದ್ ಹಾಗೂ ಸಹೋದ್ಯೋಗಿಗಳು 2005ರಲ್ಲಿ 'ಕ್ಲೌಡಿ' ಎಂಬ ಸಾಫ್ಟ್‌ವೇರ್ ಬಳಸಿ ದೂರದ ಗ್ಯಾಲಕ್ಸಿಗಳ ಅನಿಲದ ಸ್ಥಿತಿಯನ್ನು ಲೆಕ್ಕ ಹಾಕಿದ್ದರು. 2008ರಲ್ಲಿ ಚಿಲಿಯ ವಿಎಲ್‌ಟಿ ದೂರದರ್ಶಕದ ನೆರವಿನಿಂದ, ಸುಮಾರು 1,100 ಕೋಟಿ ವರ್ಷಗಳ ಹಿಂದಿನ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಪತ್ತೆ ಹಚ್ಚಿದರು. ಆ ಅಣುವೇ ಥರ್ಮಾಮೀಟರ್ ಆಯಿತು. ಆಗಿನ ವಿಶ್ವದ ಹಿನ್ನೆಲೆ ವಿಕಿರಣದ ತಾಪಮಾನ 9.15 ಕೆಲ್ವಿನ್ ಎಂದು ಅದು ತೋರಿಸಿತು. ಮಹಾಸ್ಫೋಟ ಸಿದ್ಧಾಂತದ ಪ್ರಕಾರ ಅದು ಸುಮಾರು 9.3 ಇರಬೇಕಿತ್ತು. ಈಗ ಅದು 2.7 ಕೆಲ್ವಿನ್ ಮಾತ್ರ. ವಿಶೇಷವೆಂದರೆ, ಐಯುಕಾದ ಸ್ಥಾಪಕ ನಿರ್ದೇಶಕ ಜಯಂತ ನಾರ್ಳೀಕರ್ ಮಹಾಸ್ಫೋಟ ಸಿದ್ಧಾಂತವನ್ನು ಒಪ್ಪದ ವಿಜ್ಞಾನಿಯಾಗಿದ್ದರು!

ಲೆಕ್ಕ ತಪ್ಪಿದರೆ?

ಮಾಡೆಲ್‌ಗಳು ಎಡವುವುದೂ ಉಂಟು. ವೃಷಭ ರಾಶಿಯ ದಿಕ್ಕಿನಲ್ಲಿರುವ ಟಿಎಂಸಿ-1 ಮೋಡದಲ್ಲಿ 2021ರಲ್ಲಿ ಸಯನೋನ್ಯಾಫ್ತಲೀನ್ ಪತ್ತೆಯಾಯಿತು. ಬಟ್ಟೆಗಳ ನಡುವೆ ಇಡುವ ನ್ಯಾಫ್ತಲೀನ್ ಗುಳಿಗೆಗೆ ಇದು ಹತ್ತಿರದ ನೆಂಟ. ಆದರೆ ಮಾಡೆಲ್ ಹೇಳಿದ್ದಕ್ಕಿಂತ ಅದು ಎಷ್ಟೋ ಪಟ್ಟು ಹೆಚ್ಚಿತ್ತು. ಅಂದರೆ ಪಟ್ಟಿಯಲ್ಲಿ ಯಾವುದೋ ಕ್ರಿಯೆ ಬಿಟ್ಟುಹೋಗಿರಬೇಕು, ಇಲ್ಲವೇ ಆ ಅಣುಗಳು ಮೋಡಕ್ಕಿಂತ ಮೊದಲೇ ಹುಟ್ಟಿರಬೇಕು. ಈ ಎರಡರಲ್ಲಿ ಯಾವುದು ನಿಜ ಎಂದು ತಿಳಿದರೆ, ಭೂಮಿಯಂತಹ ಗ್ರಹಗಳು ಹುಟ್ಟುವಾಗಲೇ ಎಷ್ಟು ಇಂಗಾಲದ ಅಣುಗಳನ್ನು ಪಡೆದಿರುತ್ತವೆ ಎಂಬ ಲೆಕ್ಕವೂ ಬದಲಾಗಲಿದೆ.