ಹಾನಗಲ್ಲ: ಹಳೆಯ ಊರನ್ನು ನಡೆದು ನೋಡುವ ಬಗೆ

ಧರ್ಮಾ ನದಿಯ ದಂಡೆಯ ಹಾನಗಲ್ಲಿಗೆ ಶಾಸನಗಳಲ್ಲಿರುವ ಹೆಸರು ಪಾನುಂಗಲ್ಲು. ಕಲ್ಯಾಣ ಚಾಲುಕ್ಯರ ಸಾಮಂತರಾಗಿದ್ದ ಕದಂಬರ ಒಂದು ಶಾಖೆಗೆ ಇದೇ ರಾಜಧಾನಿ. ಪಾಂಡವರು ಅಜ್ಞಾತವಾಸ ಕಳೆದ ವಿರಾಟನಗರ ಇದೇ ಎಂಬ ನಂಬಿಕೆಯೂ ಇಲ್ಲಿ ಗಟ್ಟಿಯಾಗಿದೆ. ಹಿರೇಕೆರೂರು, ಶಿಗ್ಗಾವಿ, ಸವಣೂರಿನ ಕಡೆಯವರು ಬೆಳಿಗ್ಗೆ ಬಸ್ ಹತ್ತಿದರೆ ಊರು ನೋಡಿ ಸಂಜೆಗೆ ಮನೆ ಸೇರಬಹುದು. ಮೊದಲು ನೀರು, ಆಮೇಲೆ ಕೋಟೆ, ಕೊನೆಗೆ ಗುಡಿ: ಈ ಕ್ರಮದಲ್ಲಿ ನಡೆದರೆ ರಾಜಧಾನಿಯೊಂದು ಹೇಗೆ ನಿಂತಿತ್ತು ಎಂಬುದು ತಿಳಿಯುತ್ತದೆ.

ಆನೆಕೆರೆ

ಊರ ಪಡುವಣಕ್ಕಿರುವ ಆನೆಕೆರೆಯಿಂದ ಶುರು ಮಾಡಿ. 12ನೇ ಶತಮಾನದ ಕೊನೆಗೆ ಹೊಯ್ಸಳ ಇಮ್ಮಡಿ ಬಲ್ಲಾಳ ಹಾನಗಲ್ಲಿಗೆ ಮುತ್ತಿಗೆ ಹಾಕಿದಾಗ ಅವನ ದಂಡು ಬೀಡುಬಿಟ್ಟದ್ದು ಇಲ್ಲೇ. ಆನೆ, ಕುದುರೆ, ಕಾಲಾಳುಗಳಿರುವ ದಂಡಿಗೆ ಮೊದಲು ಬೇಕಾದದ್ದು ನೀರು. ಊರನ್ನು ಸಾಕುವ ಕೆರೆ ಮುತ್ತಿಗೆ ಹಾಕುವವರಿಗೂ ಆಸರೆಯಾಗುತ್ತಿತ್ತು. ಕೋಟೆ ಏಕೆ ಬೇಕಾಯಿತು ಎಂಬುದಕ್ಕೆ ಅದೇ ಉತ್ತರ.

ಕೋಟೆ

ಇಡೀ ಗೋಡೆ ಸಿಗುತ್ತದೆಂದು ಹುಡುಕಬೇಡಿ. ಉಳಿದಿರುವುದು ಅವಶೇಷ. ಕೋಟೆಯ ವೀರಭದ್ರ ಗುಡಿಯ ದಾರಿ ಕೇಳಿಕೊಂಡು ಹೋಗಿ, ನೆಲದ ಏರುತಗ್ಗುಗಳನ್ನು ಗಮನಿಸುತ್ತ ನಡೆಯಿರಿ.

ತಾರಕೇಶ್ವರ

ಹೆಚ್ಚು ಹೊತ್ತು ಇಲ್ಲಿಗೇ ಇಟ್ಟುಕೊಳ್ಳಿ. ಚಾಲುಕ್ಯ ಶೈಲಿಯ ಈ ಗುಡಿಯ ಮಂಟಪದಲ್ಲಿ ನಿಂತು ಕತ್ತೆತ್ತಿದರೆ ಗುಮ್ಮಟದಂಥ ಛತ್ತು, ನಡುವೆ ತೂಗುವ ಕಲ್ಲಿನ ಕಮಲ. ಇದು ಕಮಾನಿನ ಗುಮ್ಮಟವಲ್ಲ. ಎಂಟು ಮೂಲೆಯಾಗುವಂತೆ ಜೋಡಿಸಿದ ತೊಲೆಗಳ ಮೇಲೆ ಕಲ್ಲಿನ ಸುತ್ತುಗಳನ್ನು ಒಂದರ ಮೇಲೊಂದು ಇಟ್ಟಿದ್ದಾರೆ. ಪ್ರತಿ ಸುತ್ತೂ ಕೆಳಗಿನದಕ್ಕಿಂತ ತುಸು ಒಳಕ್ಕೆ ಚಾಚಿ, ಬಾಯಿ ಕಿರಿದಾಗುತ್ತ ಹೋಗಿ, ಕೊನೆಗೆ ಮುಚ್ಚಿಕೊಳ್ಳುತ್ತದೆ. ಭಾರವೇ ಕಲ್ಲುಗಳನ್ನು ಹಿಡಿದು ನಿಲ್ಲಿಸುತ್ತದೆ.

ಹೊರಗಿನ ವೀರಗಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ತಳದ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಲಿಂಗಪೂಜೆ, ಅದರ ಮೇಲೆ ಸೂರ್ಯಚಂದ್ರ. ಸೂರ್ಯಚಂದ್ರರಿರುವ ತನಕ ಕೀರ್ತಿ ಉಳಿಯಲಿ ಎಂಬುದು ಅದರ ಅರ್ಥ.

ಸಮಯ ಉಳಿದರೆ ಬಿಲ್ಲೇಶ್ವರ ಗುಡಿಯ ಬಾಗಿಲವಾಡದ ಕೆತ್ತನೆ ನೋಡಿ. 1909ರಲ್ಲಿ ಶಿವಯೋಗಮಂದಿರ ಕಟ್ಟಿದ ಹಾನಗಲ್ಲ ಕುಮಾರ ಸ್ವಾಮಿಗಳ ವಿರಕ್ತಮಠಕ್ಕೂ ಹೋಗಿ ಬನ್ನಿ.

ಹೋಗುವ ಮುನ್ನ

ಇದು ಮಲೆನಾಡಿನ ಅಂಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವುದಿಲ್ಲ. ನವೆಂಬರ್‌ನಿಂದ ಫೆಬ್ರುವರಿ ನಡೆಯಲು ಹದವಾದ ಕಾಲ. ನೀರಿನ ಬಾಟಲಿ, ಟೋಪಿ, ಬಿಚ್ಚಿ ಹಾಕಲು ಸುಲಭವಾದ ಚಪ್ಪಲಿ ಸಾಕು. ಶಾಸನದ ಅಕ್ಷರ ಎದ್ದು ಕಾಣಬೇಕೆಂದರೆ ಓರೆ ಬಿಸಿಲಿನ ಹೊತ್ತಿಗೆ ಹೋಗಿ. ಸುಣ್ಣ, ಎಣ್ಣೆ, ಕುಂಕುಮ ಮಾತ್ರ ದಯವಿಟ್ಟು ಕಲ್ಲಿಗೆ ಹಚ್ಚಬೇಡಿ.